ಎದೆ ಬಾಯಲ್ಲಿಟ್ಟೇ ನಿದ್ದೆ ಹೋಗುವ ಕೂಸು

"ನನ್ನ ಹಾಲು ಅವನಿಗೆ ಬೇಡವಂತೆ ಮೇಡಂ." ಅವಧಿಗೆ ಮುಂಚೆ ಹೆತ್ತ ಎಷ್ಟೋ ಬಾಣಂತಿಯರು ನನ್ನೆದುರು ಕಣ್ಣೀರಿಟ್ಟು ಹೇಳಿದ ಮಾತಿದು. ಗುರುತು ಸಿಗದಂತೆ ವಿವರ ಬದಲಿಸಿ ಒಬ್ಬರ ಸಂಗತಿ ಬರೆಯುತ್ತಿದ್ದೇನೆ.

ಚೊಚ್ಚಲ ಹೆರಿಗೆ, 30 ವಾರಕ್ಕೇ ಆಗಿತ್ತು. ತಾಯಿಯ ಹಾಲನ್ನು ಹಿಂಡಿ ಮೂಗಿನ ನಳಿಕೆಯಲ್ಲಿ ಕೊಡುತ್ತಿದ್ದರು. ಬಸಿರಿನ ಲೆಕ್ಕದಲ್ಲೇ ಎಣಿಸಿದ 33ನೇ ವಾರಕ್ಕೆ ಎದೆಗೆ ಹಚ್ಚತೊಡಗಿದೆವು. ನಾಲ್ಕನೇ ದಿನ ಅಜ್ಜಿ ಚೀಲದಿಂದ ಹೊಸ ಬಾಟಲಿ ತೆಗೆದು, "ನಾನು ಮೂರು ಹೆತ್ತವಳು. ಕೂಸು ಚೀಪದಿದ್ರೆ ನಾವೇ ಬಾಯಿಗೆ ಬಿಡಬೇಕು" ಎಂದರು. ಮಗಳು ತಲೆ ಎತ್ತಲಿಲ್ಲ.

ನಾನು ವಾದಕ್ಕಿಳಿಯಲಿಲ್ಲ. ಕೂಸನ್ನು ಎದೆಗೆ ಹಚ್ಚಿಸಿ, ಇಬ್ಬರಿಗೂ ಎಣಿಸಲು ಹೇಳಿದೆ. ಒಂದು, ಎರಡು, ಮೂರು ಚೀಪು. ನಿಂತಿತು. ಪುಟ್ಟ ಹೊಟ್ಟೆ ಬೇಗ ಬೇಗ ಏರಿಳಿಯಿತು. ಮತ್ತೆ ಎರಡು ಚೀಪು. ಆಮೇಲೆ ಮುಷ್ಟಿ ಬಿಚ್ಚಿ ಐದೂ ಬೆರಳು ಸೆಟೆದು ಅಗಲವಾದವು, ಹುಬ್ಬು ಗಂಟಿಕ್ಕಿತು, ಕಣ್ಣು ಮುಚ್ಚಿತು. "ಈಗೇನು ಮಾಡ್ತಿದ್ದಾನೆ ಅಜ್ಜಿ?" ಎಂದೆ. ತುಂಬ ಹೊತ್ತು ನೋಡಿ ಅವರೇ ಹೇಳಿದರು: "ಉಸಿರು ತಗೊಳ್ತಾ ಇದಾನೆ."

ಅಷ್ಟೇ ಸಂಗತಿ. ಚೀಪುವುದನ್ನು ಕೂಸು ಗರ್ಭದಲ್ಲೇ ಕಲಿತಿರುತ್ತದೆ. ಚೀಪು, ನುಂಗು, ಉಸಿರು ಮೂರನ್ನೂ ಹೊಂದಿಸುವುದು ಸಾಮಾನ್ಯವಾಗಿ 32ರಿಂದ 34 ವಾರದ ಹೊತ್ತಿಗೆ ಶುರುವಾಗುತ್ತದೆ, ಪಳಗಲು ಇನ್ನೂ ವಾರಗಳು ಬೇಕು. ನುಂಗುವ ಗಳಿಗೆಯಲ್ಲಿ ಉಸಿರು ತಡೆಯಲೇಬೇಕು. ಎದೆಯಲ್ಲಾದರೆ ಕೂಸು ನಿಲ್ಲಿಸಿದಾಗ ಹರಿವೂ ತಗ್ಗುತ್ತದೆ. ಬಗ್ಗಿಸಿ ಹಿಡಿದ ಬಾಟಲಿ ತೊಟ್ಟಿಕ್ಕುತ್ತಲೇ ಇರುತ್ತದೆ. ನಾನು ಬಾಟಲಿ ಬೇಡವೆಂದದ್ದು ಅದಕ್ಕೆ. ನನ್ನದು ಹಠವೆಂದು ವಾರ್ಡಿನಲ್ಲೂ ಒಬ್ಬರು ಅಂದರು. ಬಾಟಲಿ ಕೊಟ್ಟು ತೂಕ ಏರಿದರೆ ಬೇಗ ಮನೆಗೆ ಹೋಗಬಹುದೆಂಬ ಅವರ ಲೆಕ್ಕ ನನಗೂ ಗೊತ್ತು. ತೂಕದ ಹೊಣೆಯನ್ನು ನಳಿಕೆ ಹೊರಲಿ, ಕಲಿಕೆ ಎದೆಯಲ್ಲಿ ನಡೆಯಲಿ ಎಂದೇ ಈಗಲೂ ಹೇಳುತ್ತೇನೆ.

ಆ ತಾಯಿಗೆ ಹೇಳಿದ್ದು: ಮೊದಲು ಹಾಲು ಹಿಂಡಿ ತೆಗೆದು, ಹಗುರಾದ ಎದೆಗೆ ಹಚ್ಚಿ, ಅದೇ ಹೊತ್ತಿಗೆ ನರ್ಸ್ ನಳಿಕೆಯಲ್ಲಿ ಹಾಲು ಬಿಡಲಿ. ರಾತ್ರಿಯೂ ಹಿಂಡುವುದು ತಪ್ಪಬಾರದು. ಉಳಿದ ಹೊತ್ತು ಕೂಸು ನಿಮ್ಮ ಎದೆಯ ಮೇಲೇ ಇರಲಿ, ಮೈಗೆ ಮೈ ತಾಗಿಸಿಡುವ ಕಾಂಗರೂ ಆರೈಕೆಯಲ್ಲಿ. ಬೆರಳು ಸೆಟೆದರೆ, ಬಾಯಂಚಲ್ಲಿ ಹಾಲು ಸೋರಿದರೆ ಬಿಡುವು ಕೊಡಿ. ತುಟಿ ನೀಲಿಯಾದರೆ ನಿಲ್ಲಿಸಿ, ತಕ್ಷಣ ಕರೆಯಿರಿ.

ಅಜ್ಜಿಯ ಕೈಗೆ ಒಳಲೆ, ಅಂದರೆ ಹಾಲು ಕುಡಿಸುವ ಮೂತಿಯ ಪುಟ್ಟ ಬಟ್ಟಲು, ಕೊಟ್ಟೆ. ಕೂಸನ್ನು ಕಾಲ ಮೇಲೆ ಅಂಗಾತ ಮಲಗಿಸಿ ಒಳಲೆಯಲ್ಲಿ ಗಂಟಲಿಗೆ ಸುರಿಯುವ ರೂಢಿ ನಮ್ಮ ಮನೆಗಳಲ್ಲಿದೆ. ಇಂಥ ಕೂಸಿಗೆ ಅದು ದೊಡ್ಡ ಅಪಾಯ. ತಲೆ ಎತ್ತರದಲ್ಲಿಟ್ಟು, ಒಳಲೆಯ ಮೂತಿಯನ್ನು ಕೆಳತುಟಿಗೆ ತಾಗಿಸಿ, ಕೂಸೇ ಹನಿ ಎಳೆದುಕೊಳ್ಳುವವರೆಗೆ ಕಾಯಬೇಕು. ಅಜ್ಜಿ ಎರಡೇ ದಿನದಲ್ಲಿ ಕಲಿತರು, ಮಗಳಿಗಿಂತ ಚೆನ್ನಾಗಿ.

36ನೇ ವಾರದಲ್ಲಿ ನಳಿಕೆ ತೆಗೆದರು. ಮನೆಗೆ ಹೊರಟ ದಿನ ಹುಡುಕಿದರೆ, ಅಜ್ಜಿ ಪಕ್ಕದ ಮಂಚದ ಬಾಣಂತಿಯ ಬಳಿ ಕೂತು ಅವಳ ಕೂಸಿನ ಚೀಪು ಎಣಿಸುತ್ತಿದ್ದರು.