ಕೋವಿಯೋ, ಈಜುಕೊಳವೋ?

ನಿಮ್ಮ ಪತ್ರ ತಲುಪಿತು. ಮುಂದಿನ ತಿಂಗಳು ಎಚ್-1ಬಿ ಕೆಲಸದ ವೀಸಾದಲ್ಲಿ ಅಮೆರಿಕದ ಟೆಕ್ಸಸ್ ರಾಜ್ಯದ ಡಲ್ಲಾಸ್ ಪಕ್ಕದ ಫ್ರಿಸ್ಕೋಗೆ ಬರುತ್ತಿದ್ದೀರಿ, ಜತೆಗೆ ಮನೆಯವರು, ನಾಲ್ಕು ಮತ್ತು ಒಂಬತ್ತು ವರ್ಷದ ಮಕ್ಕಳು. ಟಿವಿ ನೋಡಿದ ನಿಮ್ಮ ಅತ್ತೆಯವರು "ಬಂದೂಕಿನ ದೇಶಕ್ಕೆ ಮೊಮ್ಮಕ್ಕಳನ್ನು ಕಳಿಸೋದಿಲ್ಲ" ಎಂದು ಕೂತಿದ್ದಾರೆ. ಇಲ್ಲಿರುವ ನಿಮ್ಮ ಭಾವ "ಕೈತಪ್ಪಿ ಗುಂಡು ಹಾರಿ ಸಾಯುವವರಿಗಿಂತ ಈಜುಕೊಳ, ಕೆರೆ ಎಂದು ನೀರಿನಲ್ಲಿ ಮುಳುಗಿ ಸಾಯುವವರು ಎಷ್ಟೋ ಪಟ್ಟು ಹೆಚ್ಚು, ಸುಮ್ಮನೆ ಬನ್ನಿ" ಎನ್ನುತ್ತಿದ್ದಾರೆ. ಯಾರ ಮಾತು ನಂಬಲಿ ಎಂದು ಕೇಳಿದ್ದೀರಿ. ಇಪ್ಪತ್ತೊಂದು ವರ್ಷದ ಹಿಂದೆ ಎರಡು ಸೂಟ್‌ಕೇಸ್ ಹಿಡಿದು ಇಳಿದಾಗ ನಾನೂ ಇದನ್ನೇ ಕೇಳಿದ್ದೆ, ನಿಮ್ಮ ಭಾವ ಕೊಟ್ಟ ಉತ್ತರವೇ ನನಗೂ ಸಿಕ್ಕಿತ್ತು.

ಭಾವ ಹೇಳಿದ್ದು ಸುಳ್ಳಲ್ಲ. 2021ರ ಸರ್ಕಾರಿ ಲೆಕ್ಕ ನೋಡಿ. ಆ ವರ್ಷ ಅಮೆರಿಕದಲ್ಲಿ ಆಕಸ್ಮಿಕವಾಗಿ ಸತ್ತವರು ಸುಮಾರು 2.25 ಲಕ್ಷ. ಅದರಲ್ಲಿ ವಿಷ, ಅಂದರೆ ಬಹುಪಾಲು ಮಾದಕ ವಸ್ತು ಮತ್ತು ಔಷಧದ ಅತಿಸೇವನೆ, ಒಂದು ಲಕ್ಷ ದಾಟಿದೆ. ಬಿದ್ದು ಸತ್ತವರು 44 ಸಾವಿರಕ್ಕೂ ಹೆಚ್ಚು, ರಸ್ತೆಯಲ್ಲಿ ಸತ್ತವರೂ ಹೆಚ್ಚುಕಡಿಮೆ ಅಷ್ಟೇ. ನೀರಿನಲ್ಲಿ ಮುಳುಗಿದವರು ನಾಲ್ಕೂವರೆ ಸಾವಿರದ ಆಸುಪಾಸು. ಬಂದೂಕಿನ ಆಕಸ್ಮಿಕಕ್ಕೆ ಬಲಿಯಾದವರು 549. ಆಫೀಸಿನ ಊಟದ ಮೇಜಿನಲ್ಲಿ ವಾದ ಸಾಮಾನ್ಯವಾಗಿ ಇಲ್ಲಿಗೇ ಮುಗಿಯುತ್ತದೆ, ಗೆದ್ದವರು ಡಬ್ಬಿ ಮುಚ್ಚಿ ಏಳುತ್ತಾರೆ.

ಆದರೆ ಅದೇ ವರ್ಷ ಬಂದೂಕಿನಿಂದ ಒಟ್ಟು ಸತ್ತವರು 48,830. ಅವರಲ್ಲಿ 26,328 ಮಂದಿಯದು ಆತ್ಮಹತ್ಯೆ, 20,958 ಮಂದಿಯದು ಕೊಲೆ. 'ಆಕಸ್ಮಿಕ' ಎಂಬ ಒಂದೇ ಖಾನೆ ಎತ್ತಿ ತೋರಿಸಿದರೆ ಬಂದೂಕು ಸಾಧುಪ್ರಾಣಿಯಂತೆ ಕಾಣುತ್ತದೆ. ಆ ಖಾನೆಯೂ ಪೂರ್ತಿ ಪಕ್ಕಾ ಅಲ್ಲ: ಆಟವಾಡುತ್ತ ಒಂದು ಮಗು ಇನ್ನೊಂದಕ್ಕೆ ಗುಂಡು ಹಾರಿಸಿದರೆ, ಮರಣ ಪತ್ರದಲ್ಲಿ 'ಇನ್ನೊಬ್ಬರ ಕೈಯಿಂದಾದ ಸಾವು' ಎಂದು ಬರೆದು ಕೊಲೆಯ ಲೆಕ್ಕಕ್ಕೆ ಸೇರಿಸುವುದು ಹಲವು ಕಡೆ ರೂಢಿ. ವಯಸ್ಸಿನ ಮೇಲೂ ಚಿತ್ರ ಬದಲಾಗುತ್ತದೆ. ಒಂದರಿಂದ ನಾಲ್ಕು ವರ್ಷದ ಮಕ್ಕಳನ್ನು ಅತಿ ಹೆಚ್ಚು ಕೊಲ್ಲುವುದು ನೀರು. ಒಂದರಿಂದ ಹತ್ತೊಂಬತ್ತರವರೆಗೆ ಒಟ್ಟಿಗೆ ಹಿಡಿದರೆ, ಎಲ್ಲ ಬಗೆಯ ಗುಂಡೇಟೂ ಸೇರಿ, 2020ರಿಂದ ಬಂದೂಕೇ ಮುಂದಿದೆ. ಅಂದರೆ ನಿಮ್ಮ ಚಿಕ್ಕವಳ ವಿಷಯದಲ್ಲಿ ಭಾವ ಸರಿ, ದೊಡ್ಡವನು ಬೆಳೆಯುತ್ತ ಹೋದಂತೆ ಅತ್ತೆಯವರೂ ಸರಿ.

ಮೊದಲು ಕಾನೂನಿನ ಮಾತು, ಯಾಕೆಂದರೆ ಇದನ್ನು ಯಾರೂ ಹೇಳುವುದಿಲ್ಲ. ಎಚ್-1ಬಿಯಂಥ ತಾತ್ಕಾಲಿಕ ವೀಸಾದವರು ಬಂದೂಕನ್ನಾಗಲೀ ಗುಂಡನ್ನಾಗಲೀ ಹೊಂದುವಂತಿಲ್ಲ ಎನ್ನುತ್ತದೆ ಕೇಂದ್ರ ಕಾನೂನು. ಚಾಲ್ತಿಯಲ್ಲಿರುವ ಬೇಟೆ ಪರವಾನಗಿಯಂಥ ಕೆಲವೇ ವಿನಾಯಿತಿಗಳಿವೆ. ಕೊಂಡರೆ ಮಾತ್ರ ತಪ್ಪು ಅಂದುಕೊಳ್ಳಬೇಡಿ. ವಾರಾಂತ್ಯಕ್ಕೆ ಗೆಳೆಯರ ಜತೆ ಶೂಟಿಂಗ್ ರೇಂಜಿಗೆ ಹೋಗಿ ಕೈಯಲ್ಲಿ ಹಿಡಿದು ಫೋಟೊ ತೆಗೆಸಿಕೊಂಡರೂ ಅದು 'ಹೊಂದಿದ್ದು' ಆಗಬಹುದು, ಆ ಫೋಟೊ ಗ್ರೀನ್ ಕಾರ್ಡ್ ಅರ್ಜಿಯ ದಿನ ಎದ್ದು ಬರಬಹುದು. ಟೆಕ್ಸಸ್‌ನಲ್ಲಿ 2021ರ ಸೆಪ್ಟೆಂಬರ್ 1ರಿಂದ, ಕಾನೂನಿನ ಅಡ್ಡಿಯಿಲ್ಲದ 21 ದಾಟಿದವರು ಪರವಾನಗಿ ಇಲ್ಲದೆಯೂ ಪಿಸ್ತೂಲು ಸೊಂಟಕ್ಕೆ ಸಿಕ್ಕಿಸಿಕೊಂಡು ಓಡಾಡಬಹುದು. ಅಂಗಡಿ ಬಾಗಿಲ ಮೇಲೆ 30.06, 30.07 ಎಂಬ ಫಲಕ ಕಂಡರೆ 'ಒಳಗೆ ಬಂದೂಕು ತರಬೇಡಿ' ಎಂದರ್ಥ. ರಸ್ತೆಯಲ್ಲಿ ಯಾರೇ ಅಡ್ಡ ಬಂದರೂ ನಮ್ಮೂರಿನ ಹಾಗೆ ಹಾರ್ನ್ ಒತ್ತಿ ಕೈ ತೋರಿಸುವುದನ್ನು ವಿಮಾನ ನಿಲ್ದಾಣದಲ್ಲೇ ಬಿಟ್ಟುಬನ್ನಿ.

ನೀವು ಶಿರಸಿ ಕಡೆಯವರು. ತೋಟಕ್ಕೆ ಬರುವ ಮಂಗ, ಹಂದಿಗೆಂದು ಇಟ್ಟ ಕೋವಿಯನ್ನು ಚುನಾವಣೆ ಬಂದಾಗಲೆಲ್ಲ ಠಾಣೆಗೆ ಒಪ್ಪಿಸಿ ರಸೀದಿ ತರುವ ಕತೆ ನಿಮಗೆ ಹೇಳಬೇಕಿಲ್ಲ. ಆ ಪರಿಚಯವೇ ಇಲ್ಲಿ ಮೋಸ ಮಾಡುವುದು. ನಮ್ಮ ತೋಟೆ ಕೋವಿಯ ನಳಿಗೆ ಮಡಚಿದರೆ ಒಳಗೆ ತೋಟೆ ಇದೆಯೋ ಇಲ್ಲವೋ ಕಣ್ಣಿಗೇ ಕಾಣುತ್ತದೆ. ಇಲ್ಲದಿದ್ದರೆ ಆಚೆಯ ಬೆಳಕು ಬರುತ್ತದೆ. ಇಲ್ಲಿನ ಮನೆಗಳಲ್ಲಿರುವುದು ಹೆಚ್ಚಾಗಿ ಮ್ಯಾಗಜೀನ್, ಅಂದರೆ ಗುಂಡು ತುಂಬಿದ ಸಣ್ಣ ಪೆಟ್ಟಿಗೆ, ಹಾಕುವ ಪಿಸ್ತೂಲು. ಹಿಡಿಯೊಳಗಿನ ಮ್ಯಾಗಜೀನ್ ಹೊರತೆಗೆದರೂ ನಳಿಗೆಯ ಬುಡದಲ್ಲಿ, ಅಂದರೆ ಚೇಂಬರಿನಲ್ಲಿ, ಒಂದು ಗುಂಡು ಕೂತಿರಬಹುದು, ಹೊರಗಿನಿಂದ ಅದು ಸುಲಭವಾಗಿ ತಿಳಿಯುವುದಿಲ್ಲ. ಮ್ಯಾಗಜೀನ್ ಇಲ್ಲದಿದ್ದರೆ ಹಾರದಂತೆ ತಡೆಯುವ ಏರ್ಪಾಡು ಕೆಲವು ಪಿಸ್ತೂಲುಗಳಲ್ಲಿದೆ, ಗ್ಲಾಕ್ ಕಂಪನಿಯವು ಸೇರಿದಂತೆ ಬಹಳಷ್ಟರಲ್ಲಿ ಇಲ್ಲ. "ಖಾಲಿ ಇದೆ ಅಂದುಕೊಂಡಿದ್ದೆ" ಎಂಬ ಮಾತು ಹುಟ್ಟುವುದು ಇಲ್ಲಿಂದ.

ಸರಿಯಾಗಿ ಖಾಲಿ ಮಾಡುವವರು ಪಿಸ್ತೂಲಿನ ಬಾಯಿಯನ್ನು ಯಾರೂ ಇಲ್ಲದ ಕಡೆ ತಿರುಗಿಸಿ, ಬೆರಳನ್ನು ಟ್ರಿಗರಿನಿಂದ ಹೊರಗಿಟ್ಟು, ಮೊದಲು ಮ್ಯಾಗಜೀನ್ ತೆಗೆಯುತ್ತಾರೆ. ಆಮೇಲೆ ಮೇಲ್ಗಡೆ ಹಿಂದೆಮುಂದೆ ಜಾರುವ ಭಾಗವನ್ನು, ಅಂದರೆ ಸ್ಲೈಡನ್ನು, ಹಿಂದಕ್ಕೆಳೆದು ಚೇಂಬರಿನ ಗುಂಡು ಬೀಳಿಸಿ, ಸ್ಲೈಡನ್ನು ಅಲ್ಲೇ ನಿಲ್ಲಿಸಿ, ಕಣ್ಣಿನಿಂದ ನೋಡಿ, ಕಿರುಬೆರಳು ಹಾಕಿ ಮುಟ್ಟಿ ಖಾತ್ರಿ ಮಾಡಿಕೊಳ್ಳುತ್ತಾರೆ. ಕ್ರಮ ತಿರುಗಾಮುರುಗಾ ಆದರೆ, ಅಂದರೆ ಸ್ಲೈಡ್ ಮೊದಲು ಎಳೆದು ಮ್ಯಾಗಜೀನ್ ಆಮೇಲೆ ತೆಗೆದರೆ, ಒಂದು ಗುಂಡು ಬಿದ್ದೇ ಬೀಳುತ್ತದೆ, ಆದರೆ ಸ್ಲೈಡ್ ಮುಂದೆ ಹೋಗುವಾಗ ಮುಂದಿನ ಗುಂಡನ್ನು ಚೇಂಬರಿಗೆ ತಳ್ಳಿಬಿಡುತ್ತದೆ. ಇದೆಲ್ಲ ನೀವು ಮಾಡಲಿ ಎಂದು ಬರೆದಿಲ್ಲ. ನಿಮ್ಮ ಮುಂದೆ ಯಾರಾದರೂ ಹೆಮ್ಮೆಯಿಂದ ತೆಗೆದು ತೋರಿಸಿದರೆ, ಅವರಿಗೆ ಗೊತ್ತಿದೆಯೋ ಇಲ್ಲವೋ ಎಂದು ಗುರುತಿಸಿ ಮಕ್ಕಳನ್ನು ಕರೆದುಕೊಂಡು ಎದ್ದುಬರಲಿ ಎಂದು ಬರೆದೆ.

ಮಕ್ಕಳ ವಿಷಯಕ್ಕೆ ಬರುತ್ತೇನೆ. ಇಲ್ಲಿನ ಹತ್ತು ವಯಸ್ಕರಲ್ಲಿ ಸುಮಾರು ನಾಲ್ವರ ಮನೆಯಲ್ಲಿ ಬಂದೂಕಿದೆ. ನಿಮ್ಮ ಮಗ ಆಡಲು ಹೋಗುವ ಮನೆಗಳಲ್ಲೂ ಇರುತ್ತದೆ. ಇರುವ ಜಾಗವೂ ಹೆಚ್ಚುಕಡಿಮೆ ಅದೇ: ಮಂಚದ ಪಕ್ಕದ ಡ್ರಾಯರ್, ಬಟ್ಟೆಯ ಕಪಾಟಿನ ಮೇಲಿನ ಅಟ್ಟ, ಕಾರಿನ ಗ್ಲೋವ್ ಬಾಕ್ಸ್, ಅತಿಥಿಯ ಕೈಚೀಲ. ಮೂರು-ನಾಲ್ಕು ವರ್ಷದ ಮಗುವಿನ ಬೆರಳಿಗೆ ಟ್ರಿಗರ್ ಒತ್ತುವ ಬಲವಿಲ್ಲ ಎಂದು ಹಲವರು ನಂಬಿದ್ದಾರೆ. ಅಂಥ ಮಗು ಪಿಸ್ತೂಲನ್ನು ತಿರುಗಿಸಿ ಹಿಡಿದು ಎರಡೂ ಹೆಬ್ಬೆರಳಿನಿಂದ ಒತ್ತುತ್ತದೆ, ನಳಿಗೆಯ ಬಾಯಿ ಮಗುವಿನ ಎದೆಗೇ ಇರುತ್ತದೆ. 'ಮುಟ್ಟಬೇಡ, ದೂರ ಹೋಗು, ದೊಡ್ಡವರಿಗೆ ಹೇಳು' ಎಂದು ಕಲಿಸಿ. ಕಲಿಸಿದ್ದೇವೆ ಎಂದು ನಂಬಿ ಕೂರಬೇಡಿ.

ಆದ್ದರಿಂದ ಮೊದಲ ಸಲ ಕಳಿಸುವ ಮುನ್ನ ಕೇಳಿಬಿಡಿ. ಮಕ್ಕಳ ವೈದ್ಯರೂ ಇಲ್ಲಿ ಇದನ್ನೇ ಹೇಳುತ್ತಾರೆ. "ಬಂದೂಕು ಇದೆಯಾ" ಎಂದು ಕೇಳಿದರೆ ರಾಜಕೀಯ ಆಗುತ್ತದೆ. ಫೋನಿನಲ್ಲಿ ಎರಡು ಸಾಲು ಸಾಕು: "ನಮ್ಮವನು ಕೈಗೆ ಸಿಕ್ಕಿದ್ದೆಲ್ಲ ಬಿಚ್ಚಿ ನೋಡುವ ಜಾತಿ. ಅವನಿಗೆ ಶೇಂಗಾ ಅಲರ್ಜಿ ಇಲ್ಲ. ನಿಮ್ಮಲ್ಲಿ ನಾಯಿ, ಈಜುಕೊಳ ಇದೆಯಾ? ಬಂದೂಕು ಇದ್ದರೆ ಬೀಗದೊಳಗಿದೆ ತಾನೇ?" ಸರಿಯಾಗಿ ಇಟ್ಟುಕೊಂಡವರು ಬೇಸರ ಮಾಡಿಕೊಳ್ಳುವುದಿಲ್ಲ, ಸೇಫ್ ಎಲ್ಲಿದೆ ಎಂದು ಅವರೇ ಹೇಳುತ್ತಾರೆ. 'ಖಾಲಿ ಮಾಡಿ ಬೀಗ ಹಾಕಿದೆ, ಗುಂಡು ಬೇರೆ ಕಡೆ ಬೀಗದಲ್ಲಿದೆ' ಎಂದರೆ ಸಮಾಧಾನ. 'ಮೇಲೆ ಇಟ್ಟಿದ್ದೇವೆ', 'ನಮ್ಮ ಮಕ್ಕಳಿಗೆ ಬುದ್ಧಿ ಇದೆ' ಎಂದರೆ ಸಮಾಧಾನ ಅಲ್ಲ. "ಈ ಸಲ ನಿಮ್ಮವನನ್ನೇ ಇಲ್ಲಿಗೆ ಕಳಿಸಿ, ದೋಸೆ ಮಾಡುತ್ತೇವೆ" ಎನ್ನಿ. ಬೀಗಗಳಲ್ಲೂ ತರತಮ ಇದೆ. ಸ್ಲೈಡಿನ ಕಿಂಡಿಯಿಂದ ಮ್ಯಾಗಜೀನ್ ಜಾಗದ ಮೂಲಕ ಹಾಯುವ ಕೇಬಲ್ ಬೀಗವನ್ನು ಹಲವು ಪೊಲೀಸ್ ಠಾಣೆಗಳು ಪುಕ್ಕಟೆ ಕೊಡುತ್ತವೆ, ಅದು ಹಾಕಿದ್ದರೆ ಸ್ಲೈಡ್ ಮುಚ್ಚುವುದೇ ಇಲ್ಲ. ಟ್ರಿಗರ್ ಬೀಗವನ್ನು ಗುಂಡು ತುಂಬಿದ ಬಂದೂಕಿಗೆ ಹಾಕಹೋದರೆ ಹಾಕುವಾಗಲೇ ಹಾರಬಹುದು. ಬೆರಳಚ್ಚಿನ ಪೆಟ್ಟಿಗೆಗಳನ್ನೂ ಕಣ್ಣು ಮುಚ್ಚಿ ನಂಬುವ ಹಾಗಿಲ್ಲ: 2023ರಲ್ಲಿ ಸುಮಾರು 61 ಸಾವಿರ ಪೆಟ್ಟಿಗೆಗಳನ್ನು ಹಿಂದಕ್ಕೆ ಕರೆಸಿಕೊಂಡರು, ಮಾಲೀಕರ ಬೆರಳಚ್ಚು ದಾಖಲಿಸುವವರೆಗೆ ಅವು ಯಾರ ಬೆರಳಿಗಾದರೂ ತೆರೆದುಕೊಳ್ಳುತ್ತಿದ್ದವು.

ನನಗೆ ಇವತ್ತಿಗೂ ಚುಚ್ಚುವುದು ಇದೊಂದೇ. ಮಕ್ಕಳು ಚಿಕ್ಕವರಿದ್ದಾಗ ನಾವು ಒಂದು ಮನೆಯಲ್ಲೂ ಕೇಳಲಿಲ್ಲ. ದಾಕ್ಷಿಣ್ಯ. ಕಾಫಿ ಕೊಟ್ಟವರ ಮನೆಯ ಕಪಾಟಿನ ವಿಚಾರ ಕೇಳುವುದು ಹೇಗೆ ಎಂಬ ನಮ್ಮೂರ ಸಂಕೋಚ. ಏನೂ ಆಗಲಿಲ್ಲ, ಅದು ನಮ್ಮ ಜಾಣತನವಲ್ಲ. ಪೌರತ್ವ ಪಡೆದು ಬಂದೂಕು ಕೊಂಡ ಕನ್ನಡದವರೂ ಈಗ ಇದ್ದಾರೆ, ಅವರಲ್ಲಿ ಕೇಳುವುದು ಇನ್ನೂ ಕಷ್ಟ. ಆದರೂ ಕೇಳಿ. ಮನೆಯಲ್ಲಿ ಯಾರಾದರೂ ತೀರಾ ಕುಗ್ಗಿಹೋಗಿದ್ದರೆ ಬಂದೂಕು ಆ ಮನೆಯಿಂದಲೇ ಆಚೆ ಹೋಗಬೇಕು. ಆತ್ಮಹತ್ಯೆ ತಡೆಯುವ ಸಹಾಯವಾಣಿ 988ಕ್ಕೆ ಕರೆ ಮಾಡಿದರೆ ಹಗಲು ರಾತ್ರಿ ಮಾತಾಡುವವರು ಸಿಗುತ್ತಾರೆ.

ಈಗ ಭಾವನ ಈಜುಕೊಳ. ಬಂದೂಕಿಗೆ ಬೀಗ ಹೇಗೋ ನೀರಿಗೆ ಬೇಲಿ ಹಾಗೆ: ನಾಲ್ಕೂ ಕಡೆ, ಕನಿಷ್ಠ ನಾಲ್ಕಡಿ ಎತ್ತರ, ತಾನೇ ಮುಚ್ಚಿ ತಾನೇ ಚಿಲಕ ಬೀಳುವ ಗೇಟು. ಅಪಾರ್ಟ್‌ಮೆಂಟ್ ನೋಡಲು ಹೋದಾಗ ಆ ಗೇಟನ್ನು ಅರ್ಧ ತೆರೆದು ಬಿಟ್ಟು ನೋಡಿ, ಮುಚ್ಚಿಕೊಳ್ಳದಿದ್ದರೆ ಆಫೀಸಿಗೆ ಬರೆದು ಕೊಡಿ. ಮುಳುಗುವ ಮಗು ಕೂಗುವುದಿಲ್ಲ, ಕೈ ಬೀಸುವುದಿಲ್ಲ. ಯುಗಾದಿ ಪಾಟ್‌ಲಕ್, ಕನ್ನಡ ಕೂಟದ ಪಿಕ್‌ನಿಕ್‌ಗಳಲ್ಲಿ ನಲವತ್ತು ಜನ ದೊಡ್ಡವರಿದ್ದರೂ ಎಲ್ಲರೂ ಇನ್ನೊಬ್ಬರು ನೋಡುತ್ತಿದ್ದಾರೆ ಅಂದುಕೊಂಡಿರುತ್ತಾರೆ. ಹೆಸರು ಹೇಳಿ ಒಬ್ಬರನ್ನು ನಿಲ್ಲಿಸಿ, ಹದಿನೈದು ನಿಮಿಷ, ಫೋನ್ ಜೇಬಿನಲ್ಲಿ. ಬದಲಾಗುವಾಗ "ಈಗ ನೀನು" ಎಂದು ಬಾಯಿಬಿಟ್ಟು ಹೇಳಿ. ತೋಳಿಗೆ ಕಟ್ಟುವ ಗಾಳಿ ಚೀಲ ಆಟಿಕೆ ಮಾತ್ರ. ಮಗು ಕಾಣದಿದ್ದರೆ ಮೊದಲು ನೀರು ನೋಡಿ, ಆಮೇಲೆ ಮನೆ.

ಒಗ್ಗರಣೆಗೆ ಹೊಗೆ ಅಲಾರಂ ಕಿರುಚುತ್ತದೆಂದು ಬ್ಯಾಟರಿ ಕಿತ್ತಿಡುವುದು, ಗೃಹಪ್ರವೇಶದ ಹೋಮಕ್ಕೆಂದು ಅದಕ್ಕೆ ಪ್ಲಾಸ್ಟಿಕ್ ಕಟ್ಟಿ ಬಿಚ್ಚಲು ಮರೆಯುವುದು ನಮ್ಮವರ ಕುಲಾಚಾರ. ಬೆಂಕಿಯಲ್ಲಿ ಸಾಯುವ ಐವರಲ್ಲಿ ಸುಮಾರು ಮೂವರು ಸಾಯುವುದು ಅಲಾರಂ ಇಲ್ಲದ ಅಥವಾ ಕೆಲಸ ಮಾಡದ ಮನೆಗಳಲ್ಲಿ. ಅದು ಒಲೆಯಿಂದ ಹತ್ತಡಿ ದೂರ ಇರಲಿ, ಬೆಳಕಿನ ಸಹಾಯದಿಂದ ಹೊಗೆ ಗುರುತಿಸುವ ಫೋಟೊಎಲೆಕ್ಟ್ರಿಕ್ ಬಗೆಯದಿರಲಿ, ಹತ್ತು ವರ್ಷಕ್ಕೆ ಬದಲಾಗಲಿ. ಕರೆಂಟು ಹೋದರೆ ಗ್ಯಾರೇಜಿನಲ್ಲಿ ಕಾರು ಓಡಿಸಬೇಡಿ, ಇದ್ದಿಲ ಒಲೆ ಒಳಗೆ ತರಬೇಡಿ. 2021ರ ಫೆಬ್ರುವರಿ ಚಳಿಯಲ್ಲಿ ಇದೇ ಟೆಕ್ಸಸ್‌ನಲ್ಲಿ ಕಾರ್ಬನ್ ಮೊನಾಕ್ಸೈಡ್‌ನಿಂದ ಹಲವರು ಹಾಗೆ ಹೋದರು. ಊರಿಂದ ತರುವ ಮಾತ್ರೆಗಳನ್ನು ಮಕ್ಕಳ ಕೈಗೆ ಎಟುಕದಂತೆ ಬೀಗ ಹಾಕಿಡಿ. ವಿಷದ ಸಹಾಯವಾಣಿ 1-800-222-1222. ಅತ್ತೆಯವರು ಬಂದಾಗ ಅವರಿಗೆ ನಿಜವಾದ ಶತ್ರು ಬಚ್ಚಲ ಟಬ್ಬಿನ ಅಂಚು. ರಬ್ಬರ್ ಚಾಪೆ, ಗೋಡೆಗೆ ಕಂಬಿ, ರಾತ್ರಿ ದೀಪ. ಅವರು ಬರುವ ಮುನ್ನವೇ ಆರೋಗ್ಯ ವಿಮೆ ಮಾಡಿಸಿ.

ಶಾಲೆ, ಬಾಡಿಗೆ ಕೇಳಿದ್ದೀರಿ: ಮನೆಯ ವಿಳಾಸವೇ ಶಾಲೆಯನ್ನು ನಿರ್ಧರಿಸುತ್ತದೆ, ಶಾಲೆ ನೋಡಿ ಮನೆ ಹಿಡಿಯಿರಿ. ಅಪ್ಪೆಮಿಡಿ ಉಪ್ಪಿನಕಾಯಿ ದೊಡ್ಡ ಬ್ಯಾಗಿಗೆ ಹಾಕಿ, ಎರಡು ಕವರ್ ಸುತ್ತಿ. ಇಲ್ಲಿ ಸಿಗುವುದು ಅಪ್ಪೆಮಿಡಿಯಲ್ಲ.

ಮಕ್ಕಳನ್ನು ಕಾರಿನಲ್ಲಿ ಕೂರಿಸುವ ಸೀಟು ಮಾತ್ರ ಬೆಂಗಳೂರಿನಲ್ಲಿ ಕೊಳ್ಳಬೇಡಿ, ಇಲ್ಲಿನ ಸುರಕ್ಷತಾ ಮಾನದಂಡದ ಚೀಟಿ ಇಲ್ಲದ್ದು ನಡೆಯುವುದಿಲ್ಲ. ಎಂಟು ವರ್ಷದೊಳಗಿನ, ನಾಲ್ಕಡಿ ಒಂಬತ್ತು ಇಂಚು ಮುಟ್ಟದ ಮಗುವಿಗೆ ಟೆಕ್ಸಸ್‌ನಲ್ಲಿ ಸೀಟು ಕಡ್ಡಾಯ. ಒಂಬತ್ತರವನಿಗೆ ಕಾನೂನು ಬಿಟ್ಟರೂ ಎತ್ತರ ಸಾಲದಿದ್ದರೆ ಮೇಲೆತ್ತಿ ಕೂರಿಸುವ ಬೂಸ್ಟರ್ ಸೀಟು ಬೇಕು, ಇಲ್ಲದಿದ್ದರೆ ಬೆಲ್ಟು ಕುತ್ತಿಗೆಗೆ, ಹೊಟ್ಟೆಗೆ ಬರುತ್ತದೆ. ಚಿಕ್ಕವಳ ಪಟ್ಟಿಯ ಎದೆ ಕ್ಲಿಪ್ ಕಂಕುಳ ಮಟ್ಟಕ್ಕೆ ಇರಬೇಕು, ದಪ್ಪ ಜಾಕೆಟ್ ಮೇಲೆ ಪಟ್ಟಿ ಹಾಕಬಾರದು, ಸೀಟು ಹಿಡಿದು ಅಲುಗಿಸಿದರೆ ಒಂದು ಇಂಚಿಗಿಂತ ಹೆಚ್ಚು ಆಡಬಾರದು. ಹಿಂದಿನ ಸೀಟಿನಲ್ಲಿ ನೀವೂ ಬೆಲ್ಟು ಹಾಕಿ. ಇಲ್ಲಿ ಕಾರಿನಲ್ಲಿದ್ದು ಸಾಯುವವರಲ್ಲಿ ಹತ್ತಿರಹತ್ತಿರ ಅರ್ಧದಷ್ಟು ಜನ ಬೆಲ್ಟು ಹಾಕಿರುವುದಿಲ್ಲ. ನಮ್ಮ ಅಟ್ಟದಲ್ಲಿರುವ ಹಳೆಯ ಸೀಟುಗಳ ಅವಧಿ ಮುಗಿದಿದೆ. ಮಕ್ಕಳ ತೂಕ, ಎತ್ತರ ಬರೆದು ಕಳಿಸಿ, ಹೊಸ ಎರಡು ಕೂರಿಸಿಕೊಂಡೇ ವಿಮಾನ ನಿಲ್ದಾಣಕ್ಕೆ ಬರುತ್ತೇವೆ.