ಮಸಾಲೆ ಶಾರ್ಟ್‌ಬ್ರೆಡ್: ಬೆಣ್ಣೆಯ ಹದ, ಮಸಾಲೆಯ ಮಿತಿ

ಶರತ್ಕಾಲದಲ್ಲಿ ಹಗಲು ಕಿರಿದಾಗಿ ಸಂಜೆಗಳು ತಣ್ಣಗಾಗುತ್ತಿದ್ದಂತೆ ಓವನ್ ಹಚ್ಚಿ ಏನಾದರೂ ಬೇಯಿಸಬೇಕೆಂಬ ಆಸೆ ಬಹಳ ಜನರಲ್ಲಿ ಮೂಡುತ್ತದೆ. ಚಕ್ಕೆ, ಶುಂಠಿ, ಜಾಯಿಕಾಯಿ ಬೆರೆತ ಶಾರ್ಟ್‌ಬ್ರೆಡ್ ಕುಕೀಗಳ ಬಗ್ಗೆ ಓದುಗರು ಕಳಿಸಿರುವ ಪ್ರಶ್ನೆಗಳಲ್ಲಿ ಆ ಆಸೆಯೂ ಇದೆ, ಅಂದುಕೊಂಡಂತೆ ಬರಲಿಲ್ಲವೆಂಬ ಬೇಸರವೂ ಇದೆ. ಮೊಟ್ಟೆ, ಯೀಸ್ಟ್, ಬೇಕಿಂಗ್ ಪೌಡರ್ ಯಾವುದೂ ಬೇಡದ ಈ ತಿನಿಸಿನ ಆಧಾರ ಹಿಟ್ಟು, ಬೆಣ್ಣೆ ಮತ್ತು ಸಕ್ಕರೆ ಮಾತ್ರ. ಆದ್ದರಿಂದ ಕೆಳಗಿನ ಉತ್ತರಗಳಲ್ಲಿ ಬೆಣ್ಣೆಯ ಮಾತು ಮತ್ತೆ ಮತ್ತೆ ಬರುತ್ತದೆ. ಮಸಾಲೆ ಎಷ್ಟೇ ಒಳ್ಳೆಯದಾಗಿದ್ದರೂ ಅದು ಬೆಣ್ಣೆಯ ರುಚಿಯ ಹಿಂದೆ ನಿಲ್ಲಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ.

ಪ್ರಶ್ನೆ: ಶಾರ್ಟ್‌ಬ್ರೆಡ್‌ಗೆ ಮೂಲ ಅಳತೆ ಯಾವುದು? ಅದಕ್ಕೆ ಯಾವ ಮಸಾಲೆಯನ್ನು ಎಷ್ಟು ಹಾಕಬೇಕು? ಕಳೆದ ಸಲ ನಾನು ಲವಂಗದ ಪುಡಿಯನ್ನು ಚಕ್ಕೆಯಷ್ಟೇ ಹಾಕಿದ್ದೆ, ಕುಕೀಗಳನ್ನು ಯಾರೂ ತಿನ್ನಲಿಲ್ಲ.

ಉತ್ತರ: ತೂಕದಲ್ಲಿ ಒಂದು ಪಾಲು ಸಕ್ಕರೆ, ಎರಡು ಪಾಲು ಬೆಣ್ಣೆ, ಮೂರು ಪಾಲು ಮೈದಾ ಎಂಬುದು ಸ್ಕಾಟ್ಲೆಂಡಿನಿಂದ ಬಂದ ಹಳೆಯ ಲೆಕ್ಕ, ಇಂದಿಗೂ ಇದೇ ನಂಬಿಕೆಗೆ ಅರ್ಹವಾದದ್ದು. 100 ಗ್ರಾಂ ಸಕ್ಕರೆ, 200 ಗ್ರಾಂ ಉಪ್ಪಿಲ್ಲದ ಬೆಣ್ಣೆ, 300 ಗ್ರಾಂ ಮೈದಾ ತೆಗೆದುಕೊಂಡರೆ ಐದು ಸೆಂಟಿಮೀಟರ್ ಅಗಲದ ಸುಮಾರು 24 ದಪ್ಪ ಕುಕೀಗಳಾಗುತ್ತವೆ. ಮೈದಾದಲ್ಲಿ 50 ಗ್ರಾಂ ಕಡಿಮೆ ಮಾಡಿ ಅಷ್ಟೇ ಅಕ್ಕಿಹಿಟ್ಟು ಸೇರಿಸಿದರೆ ಕಚ್ಚಿದಾಗ ಸಣ್ಣನೆಯ ಗರಿಗರಿತನ ಬರುತ್ತದೆ. ಇದನ್ನು ನಾನು ಎಲ್ಲರಿಗೂ ಸೂಚಿಸುತ್ತೇನೆ. ಅರ್ಧ ಟೀ ಚಮಚ ಉಪ್ಪನ್ನು ಮರೆಯಬೇಡಿ, ಏಕೆಂದರೆ ಉಪ್ಪಿಲ್ಲದೆ ಬೆಣ್ಣೆಯ ರುಚಿಯೂ ಮಸಾಲೆಯ ರುಚಿಯೂ ಸಪ್ಪೆಯಾಗುತ್ತವೆ. ಉಪ್ಪು ಹಾಕಿದ ಬೆಣ್ಣೆಯನ್ನೇ ಬಳಸುವುದಾದರೆ ಬೇರೆ ಉಪ್ಪು ಬೇಡ.

ಈ ಅಳತೆಗೆ ಒಂದೂವರೆ ಟೀ ಚಮಚ ಚಕ್ಕೆ ಪುಡಿ, ಒಂದು ಟೀ ಚಮಚ ಒಣಶುಂಠಿ ಪುಡಿ, ಕಾಲು ಟೀ ಚಮಚ ಆಗ ತಾನೇ ತುರಿದ ಜಾಯಿಕಾಯಿ ಸಾಕು. ಲವಂಗ ಮಾತ್ರ ಎರಡು ಬೆರಳಿಗೆ ಸಿಕ್ಕುವ ಒಂದು ಚಿಟಿಕೆಯನ್ನು ದಾಟಬಾರದು. ಲವಂಗದ ಗಂಧಕ್ಕೆ ಕಾರಣವಾದ ಯೂಜಿನಾಲ್ ಎಂಬ ಅಂಶ ನಾಲಿಗೆಯನ್ನು ತುಸು ಮರಗಟ್ಟಿಸುವ ಗುಣವುಳ್ಳದ್ದು. ಅದು ಹೆಚ್ಚಾದರೆ ಉಳಿದ ಯಾವ ರುಚಿಯೂ ನಾಲಿಗೆಗೆ ತಿಳಿಯುವುದಿಲ್ಲ. ನಿಮ್ಮ ಕುಕೀಗಳು ಹಾಗೆಯೇ ಉಳಿದದ್ದಕ್ಕೆ ಇದೇ ಕಾರಣವಿರಬೇಕು. ಏಲಕ್ಕಿ ಇಷ್ಟವಿದ್ದವರು ಅರ್ಧ ಟೀ ಚಮಚ ಸೇರಿಸಬಹುದು, ಆದರೆ ಆಗ ಜಾಯಿಕಾಯಿಯನ್ನು ಬಿಡುವುದು ಮೇಲು, ಎರಡೂ ಒಂದೇ ಜಾಗಕ್ಕೆ ಪೈಪೋಟಿ ನಡೆಸುತ್ತವೆ. ಶುಂಠಿಯ ಖಾರವನ್ನು ಇನ್ನಷ್ಟು ಬಯಸುವವರು ಕಾಳುಮೆಣಸಿನ ಪುಡಿಯನ್ನು ಕಾಲು ಟೀ ಚಮಚದಷ್ಟು ಹಾಕಿ ನೋಡಲಿ. ಹಸಿಶುಂಠಿ ಬೇಡ. ಅದರಲ್ಲಿರುವ ನೀರು ಹಿಟ್ಟಿನ ಹದ ಕೆಡಿಸುತ್ತದೆ. ಅಲ್ಲದೆ ಶುಂಠಿ ಒಣಗುವಾಗ ಅದರ ಜಿಂಜರಾಲ್‌ನ ಒಂದು ಭಾಗ ಶೋಗಾಲ್ ಎಂಬ ಹೆಚ್ಚು ಖಾರದ ಅಂಶವಾಗಿ ಮಾರ್ಪಡುವುದರಿಂದ, ಗಂಟಲಿಗೆ ಬೆಚ್ಚಗೆ ತಾಗುವ ಆ ಖಾರ ಸಿಗುವುದು ಒಣಶುಂಠಿಯಲ್ಲೇ.

ಮಸಾಲೆಯನ್ನು ಎಷ್ಟು ಹಾಕುತ್ತೀರಿ ಎಂಬುದರಷ್ಟೇ ಯಾವಾಗ ಹಾಕುತ್ತೀರಿ ಎಂಬುದೂ ಮುಖ್ಯ. ಬಹುತೇಕರು ಪುಡಿಗಳನ್ನು ಹಿಟ್ಟಿಗೆ ಬೆರೆಸುತ್ತಾರೆ. ಈ ಮಸಾಲೆಗಳ ಪರಿಮಳದ ಅಂಶಗಳು ನೀರಿಗಿಂತ ಕೊಬ್ಬಿನಲ್ಲಿ ಚೆನ್ನಾಗಿ ಕರಗುವಂಥವು. ಹಾಗಾಗಿ ಬೆಣ್ಣೆ ಮತ್ತು ಸಕ್ಕರೆಯನ್ನು ಕಲಸುವ ಹಂತದಲ್ಲೇ ಅವನ್ನು ಬೆಣ್ಣೆಗೆ ಸೇರಿಸಿ ಹತ್ತು ನಿಮಿಷ ಬಿಟ್ಟರೆ, ಅದೇ ಅಳತೆಯ ಪುಡಿಯಿಂದ ಹೆಚ್ಚು ತುಂಬಿದ, ಹೆಚ್ಚು ಸಮನಾದ ಪರಿಮಳ ಸಿಗುತ್ತದೆ. ಚಕ್ಕೆಯನ್ನು ಮನೆಯಲ್ಲೇ ಪುಡಿ ಮಾಡುವವರು ಸಣ್ಣ ಕಣ್ಣಿನ ಜರಡಿಯಲ್ಲಿ ಅದನ್ನು ಜರಡಿ ಹಿಡಿಯಲೇಬೇಕು. ತೊಗಟೆಯ ಒಂದು ತರಿ ಉಳಿದರೂ ಇಷ್ಟು ನಯವಾದ ಕುಕೀಯಲ್ಲಿ ಹಲ್ಲಿಗೆ ಸಿಕ್ಕಿಯೇ ತೀರುತ್ತದೆ. ಡಬ್ಬಿಯಲ್ಲಿ ವರ್ಷಗಟ್ಟಲೆ ಕುಳಿತ ಪುಡಿಯಲ್ಲಿ ಬಣ್ಣವಿರುತ್ತದೆ, ಗಂಧ ಆರಿಹೋಗಿರುತ್ತದೆ. ಅದನ್ನು ಎರಡರಷ್ಟು ಹಾಕಿದರೆ ಗಂಧ ಮರಳುವುದಿಲ್ಲ, ಕಹಿ ಮಾತ್ರ ಬರುತ್ತದೆ.

ಪ್ರಶ್ನೆ: ಅಚ್ಚಿನಲ್ಲಿ ಅಂದವಾಗಿ ಕತ್ತರಿಸಿ ಇಟ್ಟ ಕುಕೀಗಳು ಓವನ್‌ನಲ್ಲಿ ಹರಡಿ, ಅಂಚು ಕಳೆದುಕೊಂಡು ಚಪ್ಪಟೆಯಾಗುತ್ತವೆ. ಮೈದಾ ಹೆಚ್ಚಿಸಬೇಕೇ?

ಉತ್ತರ: ದಯವಿಟ್ಟು ಹೆಚ್ಚಿಸಬೇಡಿ. ಹಿಟ್ಟು ಹೆಚ್ಚಿದರೆ ಆಕಾರ ನಿಲ್ಲುತ್ತದೆ, ಆದರೆ ಬಾಯಲ್ಲಿ ಕರಗುವ ಗುಣ ಹೋಗಿ ಒಣಒಣವಾದ ಬಿಲ್ಲೆ ಉಳಿಯುತ್ತದೆ. ತೊಂದರೆ ಇರುವುದು ಬೆಣ್ಣೆ ಎಷ್ಟು ಬೆಚ್ಚಗಿತ್ತು ಎಂಬುದರಲ್ಲಿ. ಬೆಣ್ಣೆ 32ರಿಂದ 35 ಡಿಗ್ರಿ ಸೆಲ್ಸಿಯಸ್ ಹೊತ್ತಿಗೆ ಪೂರ್ತಿ ಕರಗಿಬಿಡುತ್ತದೆ, ಅದಕ್ಕೆ ಬಹಳ ಮೊದಲೇ ಮೆತ್ತಗಾಗಿ ಜಾರತೊಡಗುತ್ತದೆ. ಮೆತ್ತಗಾದ ಬೆಣ್ಣೆಯ ಹಿಟ್ಟು ಓವನ್ ಸೇರಿದರೆ, ಹಿಟ್ಟಿನಲ್ಲಿರುವ ಪಿಷ್ಟ ಗಟ್ಟಿಯಾಗಿ ಆಕಾರ ಹಿಡಿಯುವ ಮೊದಲೇ ಕೊಬ್ಬು ಹರಿದು ಹೋಗುತ್ತದೆ.

ಕಲಸುವಾಗ ಬೆಣ್ಣೆ 18ರಿಂದ 20 ಡಿಗ್ರಿಯಲ್ಲಿರಲಿ. ಬೆರಳಿನಿಂದ ಒತ್ತಿದರೆ ಗುರುತು ಮೂಡಬೇಕು, ಆದರೆ ಬೆರಳು ಸಲೀಸಾಗಿ ಒಳಗೆ ಇಳಿಯಬಾರದು, ಮೇಲ್ಮೈ ಎಣ್ಣೆಯಂತೆ ಹೊಳೆಯಲೂಬಾರದು. ಬೆಣ್ಣೆ ಸಕ್ಕರೆಯನ್ನು ಕೇಕಿಗೆ ಮಾಡುವ ಹಾಗೆ ಬೆಳ್ಳಗೆ ನೊರೆಯುಬ್ಬುವವರೆಗೆ ಬಡಿಯುವುದೂ ಹರಡುವಿಕೆಗೆ ಒಂದು ಕಾರಣ. ಒಳಗೆ ಸೇರಿದ ಗಾಳಿ ಓವನ್‌ನಲ್ಲಿ ಉಬ್ಬಿ, ಆಮೇಲೆ ಕುಸಿಯುತ್ತದೆ. ಎರಡೂ ಬೆರೆತು ಒಂದಾದರೆ ಸಾಕು, ಅಲ್ಲಿಗೆ ನಿಲ್ಲಿಸಿ. ಕತ್ತರಿಸಿದ ಕುಕೀಗಳನ್ನು ಟ್ರೇ ಸಮೇತ ಫ್ರಿಜ್ಜಿನಲ್ಲಿ ಕಡಿಮೆಯೆಂದರೆ ಅರ್ಧ ಗಂಟೆ ಇಡಿ, ಓವನ್ ಪೂರ್ತಿ ಕಾದ ಮೇಲಷ್ಟೇ ಹೊರಗೆ ತೆಗೆಯಿರಿ. ಮೊದಲ ಸರದಿ ಬೆಂದ ಬಿಸಿ ಟ್ರೇಯ ಮೇಲೆಯೇ ಎರಡನೆಯ ಸರದಿಯನ್ನು ಇಡುವ ಅಭ್ಯಾಸವಿದ್ದರೆ ಅದನ್ನೂ ಬಿಡಬೇಕು. ಒಳಗೆ ಹೋಗುವ ಮೊದಲೇ ಅಡಿಭಾಗ ಕರಗಲು ಶುರುವಾಗಿರುತ್ತದೆ.

ಹರಳು ಸಕ್ಕರೆಗಿಂತ ಪುಡಿ ಸಕ್ಕರೆ ಹಾಕಿದ ಕುಕೀಗಳು ಕಡಿಮೆ ಹರಡುತ್ತವೆ, ಮೈ ನಯವಾಗಿರುತ್ತದೆ. ನನಗೆ ಸಣ್ಣ ಹರಳಿನ ಸಕ್ಕರೆಯೇ ಹೆಚ್ಚು ಪ್ರಿಯ, ಏಕೆಂದರೆ ಅದು ಕೊಡುವ ಸೂಕ್ಷ್ಮ ಕರಕರ ಮಸಾಲೆಯ ಜೊತೆ ಚೆನ್ನಾಗಿ ಹೊಂದುತ್ತದೆ. ಆದರೆ ಅಚ್ಚಿನ ಅಂಚು ಚೂಪಾಗಿ ನಿಲ್ಲಬೇಕೆನ್ನುವವರು ಪುಡಿ ಸಕ್ಕರೆಯನ್ನೇ ಆರಿಸಿಕೊಳ್ಳಲಿ.

ಪ್ರಶ್ನೆ: ನನ್ನದು ಇದಕ್ಕೆ ವಿರುದ್ಧ. ಹಿಟ್ಟು ಒಂದುಗೂಡದೆ ಉದುರುತ್ತದೆ. ನೀರು ಚಿಮುಕಿಸಿ ಚೆನ್ನಾಗಿ ನಾದಿದರೆ ಮುದ್ದೆಯಾಗುತ್ತದೆ, ಆದರೆ ಬೆಂದ ಮೇಲೆ ಕಲ್ಲಿನಷ್ಟು ಗಟ್ಟಿ.

ಉತ್ತರ: ನೀರು ಮತ್ತು ನಾದುವಿಕೆ, ಈ ಎರಡನ್ನೂ ಬಿಟ್ಟರೆ ನಿಮ್ಮ ಕುಕೀಗಳು ಸರಿಹೋಗುತ್ತವೆ. ಮೈದಾದಲ್ಲಿರುವ ಪ್ರೋಟೀನ್‌ಗಳು ನೀರನ್ನು ಹೀರಿ, ನಾದಿದಂತೆಲ್ಲ ಒಂದಕ್ಕೊಂದು ಹೆಣೆದುಕೊಂಡು ಗ್ಲುಟನ್ ಆಗುತ್ತವೆ. ಬ್ರೆಡ್ಡಿಗೆ ಅದೇ ಬಲ, ಶಾರ್ಟ್‌ಬ್ರೆಡ್ಡಿಗೆ ಅದೇ ಶತ್ರು. ಇಲ್ಲಿ ಬೆಣ್ಣೆಯ ಕೊಬ್ಬು ಹಿಟ್ಟಿನ ಕಣಗಳನ್ನು ಸುತ್ತುವರಿದು ನೀರು ತಾಗದಂತೆ ತಡೆಯುವುದರಿಂದಲೇ ಕುಕೀ ಕಚ್ಚಿದ ಕೂಡಲೇ ಪುಡಿಯಾಗಿ ಕರಗುತ್ತದೆ. ಬೆಣ್ಣೆಯಲ್ಲಿಯೇ ತೂಕದ ಸುಮಾರು 16 ಪ್ರತಿಶತ ನೀರಿರುತ್ತದೆ, ಹಿಟ್ಟು ಕೂಡಿಕೊಳ್ಳಲು ಅಷ್ಟು ಸಾಕು.

ಹಿಟ್ಟು ಉದುರುತ್ತಿದೆ ಎಂದರೆ ಬೆಣ್ಣೆ ತೀರಾ ತಣ್ಣಗಿತ್ತು, ಅಥವಾ ಹಿಟ್ಟನ್ನು ತೂಗದೆ ಕಪ್ಪಿನಲ್ಲಿ ಒತ್ತಿ ತುಂಬಿ ಅಳೆದಿದ್ದೀರಿ ಎಂದರ್ಥ. ತೂಕದ ತಕ್ಕಡಿಯಿಲ್ಲದೆ ಈ ಕುಕೀಯನ್ನು ಮಾಡಲು ಹೊರಡಬೇಡಿ ಎಂದೇ ನಾನು ಹೇಳುತ್ತೇನೆ. ಹಿಟ್ಟನ್ನು ಬೆರಳ ತುದಿಗಳಿಂದ ಬೆಣ್ಣೆಗೆ ಉಜ್ಜುತ್ತಾ ಹೋದರೆ ಮೊದಲು ರವೆಯ ತರಿಯಾಗಿ, ಆಮೇಲೆ ಒದ್ದೆ ಮರಳಿನಂತೆ ಆಗುತ್ತದೆ. ಒಂದು ಹಿಡಿ ತೆಗೆದು ಅಂಗೈಯಲ್ಲಿ ಒತ್ತಿದಾಗ ಉಂಡೆಯಾಗಿ ನಿಂತರೆ ಹದ ಬಂದಿದೆ. ಇನ್ನೂ ಬಿರುಕು ಬಿಟ್ಟರೆ ಅಂಗೈಯ ಬಿಸಿಯಿಂದಲೇ ಒಂದೆರಡು ನಿಮಿಷ ಒತ್ತಿ ಒಟ್ಟುಮಾಡಿ, ಎರಡು ಬೇಕಿಂಗ್ ಪೇಪರ್‌ಗಳ ನಡುವೆ ಇಟ್ಟು ಒಂದು ಸೆಂಟಿಮೀಟರ್ ದಪ್ಪಕ್ಕೆ ಲಟ್ಟಿಸಿ. ಲಟ್ಟಿಸುವಾಗ ಅಂಟದಿರಲೆಂದು ಉದುರಿಸುವ ಮೈದಾ ಕೂಡ ಕುಕೀಯನ್ನು ಗಟ್ಟಿಮಾಡುತ್ತದೆ. ಪೇಪರ್ ಇದ್ದರೆ ಅದರ ಅಗತ್ಯವೇ ಇರುವುದಿಲ್ಲ.

ಪ್ರಶ್ನೆ: ಮಸಾಲೆಯಿಂದಾಗಿ ಹಿಟ್ಟು ಮೊದಲೇ ಕಂದು ಬಣ್ಣಕ್ಕಿರುತ್ತದೆ. ಬೆಂದಿದೆಯೆಂದು ತಿಳಿಯುವುದು ಹೇಗೆ?

ಉತ್ತರ: ಬಣ್ಣವನ್ನು ಮೇಲಿನಿಂದ ನೋಡಬೇಡಿ, ಅಡಿಯಿಂದ ನೋಡಿ. ಒಂದು ಕುಕೀಯನ್ನು ಚಪ್ಪಟೆ ಚಮಚದಿಂದ ಮೆಲ್ಲನೆ ಎತ್ತಿದಾಗ ತಳದ ಅಂಚು ಮೇಲ್ಮೈಗಿಂತ ಒಂದು ಛಾಯೆ ಗಾಢವಾಗಿದ್ದರೆ, ಮೇಲ್ಮೈಯ ಒದ್ದೆ ಹೊಳಪು ಹೋಗಿ ಮಂಕಾಗಿದ್ದರೆ ತೆಗೆಯುವ ಹೊತ್ತು ಬಂದಿದೆ. ಮುಟ್ಟಿದಾಗ ನಡುಭಾಗ ಇನ್ನೂ ಮೆತ್ತಗೇ ಇರುತ್ತದೆ, ಅದಕ್ಕೆ ಹೆದರಿ ಮತ್ತೆ ಐದು ನಿಮಿಷ ಬಿಡಬೇಡಿ. ತಣ್ಣಗಾಗುತ್ತಾ ಬೆಣ್ಣೆ ಮತ್ತೆ ಹೆಪ್ಪುಗಟ್ಟಿ ಕುಕೀ ಗಟ್ಟಿಯಾಗುತ್ತದೆ.

160 ಡಿಗ್ರಿಯಲ್ಲಿ ಬಿಡಿ ಕುಕೀಗಳಿಗೆ 20ರಿಂದ 25 ನಿಮಿಷ ಹಿಡಿಯುತ್ತದೆ. ಇಡೀ ಹಿಟ್ಟನ್ನು 20 ಸೆಂಟಿಮೀಟರ್ ಚೌಕದ ತಟ್ಟೆಗೆ ಒತ್ತಿ ಬೇಯಿಸುವುದಾದರೆ 150 ಡಿಗ್ರಿಯಲ್ಲಿ 45ರಿಂದ 50 ನಿಮಿಷ ಬೇಕು. ಫ್ಯಾನ್ ಇರುವ ಓವನ್ ಆದರೆ ಎರಡಕ್ಕೂ 15ರಿಂದ 20 ಡಿಗ್ರಿ ಇಳಿಸಿ. ಶಾಖ ಕಡಿಮೆಯಿದ್ದಷ್ಟೂ ಒಳಗಿನ ತೇವ ನಿಧಾನವಾಗಿ ಆರಿ, ಹೊರಗೂ ಒಳಗೂ ಒಂದೇ ಬಗೆಯ ಗರಿಮುರಿ ಬರುತ್ತದೆ. ಬೆಂಕಿ ಜೋರಾದರೆ ಬೆಣ್ಣೆಯಲ್ಲಿರುವ ಹಾಲಿನ ಅಂಶದ ಜೊತೆಗೆ ಮಸಾಲೆಯೂ ಸೀದು ಕಹಿಯಾಗುತ್ತದೆ, ಬಣ್ಣದಿಂದ ಅದು ಗೊತ್ತೂ ಆಗುವುದಿಲ್ಲ. ಮಸಾಲೆಯಿಲ್ಲದ ಶಾರ್ಟ್‌ಬ್ರೆಡ್‌ಗಿಂತ ಇದಕ್ಕೆ ಹೆಚ್ಚು ತಾಳ್ಮೆ ಬೇಕಾಗುವುದು ಈ ಕಾರಣಕ್ಕೆ. ತಟ್ಟೆಯಲ್ಲಿ ಬೇಯಿಸುವವರು ಒಳಗೆ ಇಡುವ ಮೊದಲು ಫೋರ್ಕಿನಿಂದ ತಳದವರೆಗೂ ಚುಚ್ಚಬೇಕು, ಆವಿ ಹೊರಹೋಗಲು ಅದು ದಾರಿ. ಹೊರತೆಗೆದ ಐದು ನಿಮಿಷದೊಳಗೆ, ಬಿಸಿಯಿರುವಾಗಲೇ ಚೂಪು ಚಾಕುವಿನಿಂದ ತುಂಡು ಮಾಡಿಕೊಳ್ಳಿ. ಆರಿದ ಮೇಲೆ ಚಾಕು ಇಟ್ಟರೆ ಚೂರುಚೂರಾಗುತ್ತದೆ.

ಪ್ರಶ್ನೆ: ಶಾರ್ಟ್‌ಬ್ರೆಡ್‌ಗೆ ಮಸಾಲೆ ಹಾಕುವುದು ಅದರ ಸಂಪ್ರದಾಯಕ್ಕೆ ಸಲ್ಲದ್ದು ಎಂದು ಸ್ನೇಹಿತರೊಬ್ಬರು ಹೇಳಿದರು. ನಿಜವೇ?

ಉತ್ತರ: ಸ್ಕಾಟ್ಲೆಂಡಿನಲ್ಲಿ ಕ್ರಿಸ್ಮಸ್‌ಗೂ ಹೊಸ ವರ್ಷದ ಮುನ್ನಾದಿನವಾದ ಹಾಗ್ಮನೇಗೂ ಮಾಡುವ ಶಾರ್ಟ್‌ಬ್ರೆಡ್ ಸಾಮಾನ್ಯವಾಗಿ ಮಸಾಲೆಯಿಲ್ಲದ್ದೇ. ಆದರೂ ಅಲ್ಲಿಯೇ ದುಂಡಗೆ ಬೇಯಿಸಿ ತ್ರಿಕೋನಗಳಾಗಿ ಕತ್ತರಿಸುವ ಪೆಟಿಕೋಟ್ ಟೇಲ್ಸ್ ಎಂಬ ಬಗೆಗೆ ಕ್ಯಾರವೇ ಬೀಜ ಹಾಕುವ ಹಳೆಯ ರೂಢಿಯೂ ಇದೆ. ಉತ್ತರ ಯುರೋಪಿನ ಚಳಿಯ ತಿಂಗಳುಗಳ ತಿನಿಸುಗಳನ್ನು ನೋಡಿದರೆ ನೆದರ್ಲೆಂಡ್ಸ್‌ನ ಸ್ಪೆಕ್ಯುಲಾಸ್, ಸ್ವೀಡನ್ನಿನ ಪೆಪ್ಪರ್‌ಕಾಕೋರ್, ಜರ್ಮನಿಯ ನ್ಯೂರೆಂಬರ್ಗಿಗೆ ಹೆಸರು ತಂದ ಲೇಬ್‌ಕೂಖನ್, ಎಲ್ಲದರಲ್ಲೂ ಚಕ್ಕೆ, ಲವಂಗಗಳಂಥ ಮಸಾಲೆಗಳಿವೆ. ಬೆಣ್ಣೆಯ ಕುಕೀಗೆ ಈ ಮಸಾಲೆಗಳನ್ನು ಸೇರಿಸುವುದು ಎರಡು ಹಳೆಯ ರೂಢಿಗಳನ್ನು ಕೂಡಿಸಿದಂತೆಯೇ ಹೊರತು ಯಾವುದನ್ನೂ ಕೆಡಿಸಿದಂತಲ್ಲ. ನಿಮ್ಮ ಸ್ನೇಹಿತರ ಮಾತಿನಲ್ಲಿ ಒಪ್ಪಬೇಕಾದ ಅಂಶ ಒಂದಿದೆ: ಬೆಣ್ಣೆಯ ರುಚಿ ಮಸಾಲೆಯಲ್ಲಿ ಮುಳುಗಿಹೋದರೆ ಅದನ್ನು ಶಾರ್ಟ್‌ಬ್ರೆಡ್ ಎನ್ನಲಾಗದು. ಬೆಣ್ಣೆಯ ಬದಲು ಮಾರ್ಗರಿನ್ ಬಳಸಿದರೂ ಅಷ್ಟೇ.

ಪ್ರಶ್ನೆ: ಕಂದು ಸಕ್ಕರೆ ಹಾಕಬಹುದೇ? ಬೆಣ್ಣೆಯನ್ನು ಕಂದು ಬಣ್ಣಕ್ಕೆ ಕಾಯಿಸಿ ಬಳಸಬಹುದೇ?

ಉತ್ತರ: ಕಂದು ಸಕ್ಕರೆಯಲ್ಲಿ ಕಾಕಂಬಿಯ ಅಂಶವೂ ಅದರ ತೇವವೂ ಇರುವುದರಿಂದ ಕುಕೀ ತುಸು ಮೆತ್ತಗಾಗುತ್ತದೆ, ಬೇಗ ಕಂದಾಗುತ್ತದೆ. ಸಕ್ಕರೆಯ ಅರ್ಧದಷ್ಟನ್ನು ಮಾತ್ರ ಬದಲಾಯಿಸಿದರೆ ಗರಿಮುರಿಯೂ ಉಳಿಯುತ್ತದೆ, ಶುಂಠಿಗೆ ಒಪ್ಪುವ ಗಾಢ ಸಿಹಿಯೂ ಬರುತ್ತದೆ. ಜೇನುತುಪ್ಪ ಬೇಡ, ಅದು ದ್ರವ.

ಕಾಯಿಸಿದ ಬೆಣ್ಣೆ ಈ ಮಸಾಲೆಗಳಿಗೆ ಬಹಳ ಚೆನ್ನಾಗಿ ಹೊಂದುತ್ತದೆ, ಆದರೆ ಅಳತೆಯಲ್ಲಿ ಎಚ್ಚರ ಬೇಕು. ಕಾಯುವಾಗ ಬೆಣ್ಣೆಯ ನೀರು ಆವಿಯಾಗಿ ತೂಕ ಇಳಿಯುವುದರಿಂದ 240 ಗ್ರಾಂ ಬೆಣ್ಣೆಯಿಂದ ಶುರುಮಾಡಿದರೆ ಸುಮಾರು 200 ಗ್ರಾಂ ಉಳಿಯುತ್ತದೆ. ನೊರೆ ಇಳಿದು, ತಳದ ಹಾಲಿನ ಕಣಗಳು ಹೊಂಬಣ್ಣಕ್ಕೆ ತಿರುಗಿ, ಹುರಿದ ಬೀಜದ ಪರಿಮಳ ಬಂದ ಕ್ಷಣವೇ ಬೇರೆ ಪಾತ್ರೆಗೆ ಸುರಿಯಿರಿ. ಮಸಾಲೆಯನ್ನು ಆಗಲೇ, ಬಿಸಿ ತುಸು ಇಳಿದ ಮೇಲೆ ಬೆರೆಸಿ, ಪೂರ್ತಿ ಹೆಪ್ಪುಗಟ್ಟಿ ಮೊದಲಿನ ಮೆದು ಹದಕ್ಕೆ ಬರುವವರೆಗೆ ಕಾಯಿರಿ. ನೀರು ಹೋಗಿರುವುದರಿಂದ ಹಿಟ್ಟು ಕೂಡದಿದ್ದರೆ ಈ ಒಂದು ಸಂದರ್ಭದಲ್ಲಿ ಮಾತ್ರ ಎರಡು ಮೂರು ಟೀ ಚಮಚ ತಣ್ಣನೆಯ ಹಾಲು ಸೇರಿಸಲು ಅಡ್ಡಿಯಿಲ್ಲ.

ಪ್ರಶ್ನೆ: ಎಷ್ಟು ದಿನ ಇಡಬಹುದು? ಹಿಟ್ಟನ್ನು ಮೊದಲೇ ಮಾಡಿಡಬಹುದೇ?

ಉತ್ತರ: ಪೂರ್ತಿ ಆರಿದ ಮೇಲೆ ಗಾಳಿಯಾಡದ ಡಬ್ಬಿಯಲ್ಲಿಟ್ಟರೆ ಎರಡು ವಾರ ಚೆನ್ನಾಗಿರುತ್ತವೆ. ಬಿಸಿಯಿರುವಾಗ ಮುಚ್ಚಳ ಹಾಕಿದರೆ ಒಳಗಿನ ಆವಿಯಿಂದ ಮೆತ್ತಗಾಗುತ್ತವೆ. ಮಾಡಿದ ದಿನಕ್ಕಿಂತ ಮರುದಿನ ಮಸಾಲೆಯ ರುಚಿ ಹೆಚ್ಚು ಹದವಾಗಿರುವುದರಿಂದ, ಅತಿಥಿಗಳಿಗಾಗಿ ಮಾಡುವವರು ಒಂದು ದಿನ ಮುಂಚೆ ಬೇಯಿಸಿಡುವುದು ಒಳ್ಳೆಯದು. ಮೆತ್ತಗಾದವನ್ನು 150 ಡಿಗ್ರಿಯಲ್ಲಿ ಐದರಿಂದ ಎಂಟು ನಿಮಿಷ ಇಟ್ಟು ಆರಿಸಿದರೆ ಮತ್ತೆ ಗರಿಯಾಗುತ್ತವೆ.

ಹಿಟ್ಟನ್ನು ಐದು ಸೆಂಟಿಮೀಟರ್ ದಪ್ಪದ ಉದ್ದ ಉರುಳೆಯಾಗಿ ಮಾಡಿ, ಬಿಗಿಯಾಗಿ ಸುತ್ತಿ ಫ್ರೀಜರಿನಲ್ಲಿಟ್ಟರೆ ಎರಡು ತಿಂಗಳವರೆಗೂ ಬಳಸಬಹುದು. ಬೇಕಾದ ಸಂಜೆ ಉರುಳೆಯನ್ನು ಹದಿನೈದು ನಿಮಿಷ ಹೊರಗಿಟ್ಟು, ಬೇಕಾದಷ್ಟೇ ಬಿಲ್ಲೆಗಳನ್ನು ಕತ್ತರಿಸಿ ತಣ್ಣಗಿರುವಾಗಲೇ ಓವನ್‌ಗೆ ಇಡಿ, ಸಮಯ ಮಾತ್ರ ಎರಡು ಮೂರು ನಿಮಿಷ ಹೆಚ್ಚು ಕೊಡಿ. ಕತ್ತರಿಸುವಾಗ ಪ್ರತಿ ಸಲವೂ ಉರುಳೆಯನ್ನು ಕಾಲು ಸುತ್ತು ತಿರುಗಿಸಿದರೆ ಒಂದು ಬದಿ ಚಪ್ಪಟೆಯಾಗದೆ ಬಿಲ್ಲೆಗಳು ದುಂಡಗೆ ಬರುತ್ತವೆ.