‘ಟ್ರೈ’ ಸಾಕಾದ ಕಡೆ ‘ಎಂಡೆವರ್’ ಬೇಕಾ?

ಪ್ರಶ್ನೆ: ಕೆಲಸದ ಅರ್ಜಿಯಲ್ಲಿ ‘ಐ ಆಮ್ ಡೂಯಿಂಗ್ ಎಂಡೆವರ್ ಫಾರ್ ಲರ್ನಿಂಗ್ ನ್ಯೂ ಥಿಂಗ್ಸ್’ ಅಂತ ಬರೆದಿದ್ದೆ. ಓದಿದ ಗೆಳತಿ ‘ಏನೋ ಸರಿಯಿಲ್ಲ’ ಅಂದಳು. ಏನು ಅಂತ ಹೇಳಲು ಅವಳಿಗೂ ಬರಲಿಲ್ಲ. ‘ಟ್ರೈ’ ತೀರಾ ಚಿಕ್ಕ ಮಕ್ಕಳ ಪದ ಅನ್ನಿಸಿ ಇದನ್ನು ಹಾಕಿದೆ. ತಪ್ಪು ಎಲ್ಲಿದೆ?

ಉತ್ತರ: ನಿಮ್ಮ ಗೆಳತಿಯ ಕಿವಿ ಚುರುಕಾಗಿದೆ. ತಪ್ಪು ಎರಡು ಕಡೆ ಇದೆ. ಎರಡೂ ನಮ್ಮ ಕನ್ನಡದಿಂದಲೇ ಹೋಗಿ ಅಲ್ಲಿ ಕೂತಿವೆ. ನಾವು ‘ಪ್ರಯತ್ನ ಮಾಡು’ ಅನ್ನುತ್ತೇವೆ, ಆ ‘ಮಾಡು’ ಹೋಗಿ ‘ಡೂಯಿಂಗ್’ ಆಯಿತು. ‘ಕಲಿಯೋದಕ್ಕೆ’ ಅನ್ನುತ್ತೇವೆ, ಆ ‘ಕ್ಕೆ’ ಹೋಗಿ ‘ಫಾರ್’ ಆಯಿತು. ಇಂಗ್ಲಿಷಿನಲ್ಲಿ ಎಂಡೆವರ್‌ಗೆ ಈ ಊರುಗೋಲು ಬೇಡ. ಅದು ತಾನೇ ಕ್ರಿಯಾಪದ. ಅದರ ಮುಂದೆ ‘ಟು’ ಬರುತ್ತದೆ, ‘ಟು’ ಮುಂದೆ ಇನ್ನೊಂದು ಕ್ರಿಯಾಪದದ ಬರಿಯ ರೂಪ. ‘ಐ ಎಂಡೆವರ್ ಟು ಲರ್ನ್.’ ಮುಗಿಯಿತು. ‘ಎಂಡೆವರ್ ಲರ್ನಿಂಗ್’ ಆಗುವುದಿಲ್ಲ. ಮಾತಿನಲ್ಲಿ ‘ಟ್ರೈ ಅಂಡ್ ಕಮ್’ ಅನ್ನುತ್ತಾರಲ್ಲ, ಹಾಗೆ ‘ಎಂಡೆವರ್ ಅಂಡ್ ಕಮ್’ ಕೂಡ ಇಲ್ಲ. ‘ಎಂಡೆವರ್ ಟು ಟ್ರೈ’ ಅಂತ ಬರೆಯುವವರೂ ಇದ್ದಾರೆ. ಅದು ‘ಪ್ರಯತ್ನಿಸಲು ಪ್ರಯತ್ನಿಸುತ್ತೇನೆ’ ಅಂದ ಹಾಗೆ.

ನಾಮಪದವಾಗಿ ಬಂದಾಗ ಅದರ ಜೊತೆ ‘ಡು’ ಅಲ್ಲ, ‘ಮೇಕ್’ ಬರಬೇಕು. ‘ವಿ ವಿಲ್ ಮೇಕ್ ಎವ್ರಿ ಎಂಡೆವರ್ ಟು...’ ಅನ್ನುವುದು ಹಳೆಯ, ಪಳಗಿದ ಜೋಡಿ. ‘ಇನ್ ಅನ್ ಎಂಡೆವರ್ ಟು...’ ಕೂಡ ಹಾಗೆಯೇ. ನಿಮಗೆ ‘ಫಾರ್’ ಬೇಕೇ ಬೇಕು ಅಂದರೆ ‘ಸ್ಟ್ರೈವ್’ ಅನ್ನುವ ಪದವಿದೆ, ಅದು ‘ಸ್ಟ್ರೈವ್ ಫಾರ್’ ಅಂತ ಖುಷಿಯಿಂದ ಬರುತ್ತದೆ.

ವ್ಯಾಕರಣದ ಕತೆ ಇಷ್ಟು. ಆದರೆ ನಿಮ್ಮ ಗೆಳತಿಗೆ ಚುಚ್ಚಿದ್ದು ಬರೀ ವ್ಯಾಕರಣ ಅಲ್ಲ ಅನ್ನಿಸುತ್ತದೆ. ವಾಕ್ಯವನ್ನು ತಿದ್ದಿದರೂ ಆ ಪದ ಅಲ್ಲಿ ಮದುವೆ ಪೇಟ ಕಟ್ಟಿಕೊಂಡು ಹಾಲು ತರಲು ಹೋದವನ ಹಾಗೆ ಕಾಣುತ್ತದೆ. ಎಂಡೆವರ್ ಅಂದರೆ ಸುಮ್ನೆ ಒಂದು ಕೈ ನೋಡುವುದಲ್ಲ. ಬಹಳ ಕಾಲ, ಮನಸ್ಸಿಟ್ಟು, ಕೈಗೂಡುತ್ತದೋ ಇಲ್ಲವೋ ಗೊತ್ತಿಲ್ಲದೆ ಹೆಣಗುವುದು. ಒಂದು ರೋಗಕ್ಕೆ ಔಷಧಿ ಹುಡುಕುವುದು ಎಂಡೆವರ್. ಹೊಸ ಮೊಬೈಲ್ ಆ್ಯಪ್ ಕಲಿಯುವುದು ಟ್ರೈ.

ನಾನು ಒಂದು ಪರೀಕ್ಷೆ ಇಟ್ಟುಕೊಂಡಿದ್ದೇನೆ. ಕನ್ನಡದಲ್ಲಿ ಆ ಜಾಗಕ್ಕೆ ‘ನೋಡು’ ಅಂಟುತ್ತದಾ? ತಿಂದು ನೋಡು, ಹಾಕಿ ನೋಡು, ಕೇಳಿ ನೋಡು, ಗುಂಡಿ ಒತ್ತಿ ನೋಡು. ಅಂಟಿದರೆ ಅದು ‘ಟ್ರೈ’, ಬೇರೆ ಯೋಚನೆಯೇ ಬೇಡ. ಅಂಗಡಿಯಲ್ಲಿ ಅಂಗಿಯನ್ನು ‘ಟ್ರೈ’ ಮಾಡಬಹುದು, ‘ಎಂಡೆವರ್’ ಮಾಡಲು ಬರುವುದಿಲ್ಲ. ‘ನೋಡು’ ಅಂಟದೆ, ‘ಹೆಣಗು’, ‘ಪಟ್ಟು ಹಿಡಿ’ ಅನ್ನುವ ಮಾತು ನಾಲಿಗೆಗೆ ಬಂದರೆ ಎಂಡೆವರ್‌ಗೆ ಬಾಗಿಲು ತೆರೆಯಿರಿ. ಇನ್ನು ‘ಅಟೆಂಪ್ಟ್’ ಅನ್ನುವುದು ಒಂದು ಸಲದ ಪ್ರಯತ್ನ, ಹೆಚ್ಚಾಗಿ ಕೈಗೂಡದೆ ಹೋದದ್ದು. ಕಳ್ಳತನದ ಯತ್ನ ‘ಅಟೆಂಪ್ಟ್’ ಆಗುತ್ತದೆ. ಅದನ್ನು ಎಂಡೆವರ್ ಅಂದರೆ ಕಳ್ಳನಿಗೆ ಸನ್ಮಾನ ಮಾಡಿದ ಹಾಗೆ.

ಈ ಪದದಿಂದ ನಾನೇ ಒಮ್ಮೆ ಪೆಟ್ಟು ತಿಂದಿದ್ದೇನೆ. ಮೊದಲ ಕೆಲಸದಲ್ಲಿ ಗ್ರಾಹಕರ ಪತ್ರಗಳಿಗೆ ಇಂಗ್ಲಿಷಿನಲ್ಲಿ ಉತ್ತರ ಬರೆಯುವುದು ನನ್ನ ಪಾಲಿಗೆ ಬಂದಿತ್ತು. ಒಬ್ಬರು ‘ಪಾರ್ಸೆಲ್ ಇನ್ನೂ ಬಂದಿಲ್ಲ’ ಅಂತ ಎರಡನೇ ಸಲ ಬರೆದಿದ್ದರು. ನಾನು ಗತ್ತಿನಿಂದ ‘ವಿ ಶಲ್ ಎಂಡೆವರ್ ಟು ಡಿಸ್ಪ್ಯಾಚ್ ದ ಪಾರ್ಸೆಲ್ ಟುಮಾರೋ’ ಅಂತ ಟೈಪ್ ಮಾಡಿ ಸಹಿಗೆ ಕಳಿಸಿದೆ. ಕಾಗದ ಹಾಗೇ ವಾಪಸ್ ಬಂತು. ಎಂಡೆವರ್ ಸುತ್ತ ಕೆಂಪು ಪೆನ್ಸಿಲಿನ ಸುತ್ತು, ಪಕ್ಕದಲ್ಲಿ ಕನ್ನಡದಲ್ಲಿ ಒಂದೇ ಪದ: ‘ನೋಡೋಣ?’ ಆ ಹೊತ್ತಿಗೆ ಪಾರ್ಸೆಲ್ ನನ್ನ ಮೇಜಿನ ಮೇಲೇ ಇತ್ತು. ದಾರ ಕಟ್ಟಿ, ವಿಳಾಸದ ಚೀಟಿ ಅಂಟಿಸಿ, ಅಂಟು ಇನ್ನೂ ಒಣಗಿರಲಿಲ್ಲ. ನಾಳೆ ಹೋಗುವುದು ಖಂಡಿತ. ಎರಡು ಸಲ ಕಾದು ಬೇಸತ್ತವರಿಗೆ ನಾನು ದೊಡ್ಡ ಪದದಲ್ಲಿ ಹೇಳಿದ್ದು ಮಾತ್ರ ‘ನೋಡೋಣ, ಸಾಧ್ಯವಾದರೆ ಕಳಿಸುತ್ತೇವೆ’. ಆ ಪದ ಹೊಡೆದು ‘ವಿಲ್’ ಅಂತ ಹಾಕಿದೆ.

ಹಾಗಾಗಿ ನಿಮ್ಮ ಅರ್ಜಿಗೆ ನನ್ನ ಸಲಹೆ: ‘ಐ ಲರ್ನ್ ನ್ಯೂ ಥಿಂಗ್ಸ್ ಕ್ವಿಕ್ಲಿ’ ಅಂತ ಬರೆದು, ಹೋದ ವರ್ಷ ಏನು ಕಲಿತಿರಿ ಅಂತ ಒಂದು ಸಾಲು ಸೇರಿಸಿ. ಅರ್ಜಿ ಓದುವವರಿಗೆ ಬೇಕಾಗಿರುವುದು ಆ ಸಾಲು.

ಪ್ರಶ್ನೆ: ಈ ಪದದ ಕೊನೆಯಲ್ಲಿ ‘ಯು’ ಇದೆಯೋ ಇಲ್ಲವೋ? ಕಂಪ್ಯೂಟರ್ ಒಂದು ಸಲ ಕೆಂಪು ಗೆರೆ ಎಳೆಯುತ್ತದೆ, ಇನ್ನೊಂದು ಸಲ ಬಿಡುತ್ತದೆ. ಉಚ್ಚಾರಣೆ ‘ಎಂಡೀವರ್’ ತಾನೇ?

ಉತ್ತರ: ಬ್ರಿಟಿಷ್ ಕಾಗುಣಿತದಲ್ಲಿ ‘ಯು’ ಇದೆ, ಕಲರ್, ಲೇಬರ್, ಆನರ್ ಪದಗಳಲ್ಲಿ ಇರುವ ಹಾಗೆ. ಅಮೆರಿಕದವರು ಈ ಎಲ್ಲದರಿಂದಲೂ ಅದನ್ನು ಕಿತ್ತು ಹಾಕಿದ್ದಾರೆ. ನಿಮ್ಮ ಕಂಪ್ಯೂಟರಿನಲ್ಲಿ ಯಾವ ಇಂಗ್ಲಿಷ್ ಆರಿಸಿದ್ದೀರಿ ಅನ್ನುವುದರ ಮೇಲೆ ಕೆಂಪು ಗೆರೆ ಬರುತ್ತದೆ. ಯಾವುದಾದರೂ ಒಂದು ಹಿಡಿದು, ಕೊನೆವರೆಗೂ ಅದನ್ನೇ ಬಳಸಿ.

ಅಮೆರಿಕದಲ್ಲೇ ‘ಯು’ ಬಿಟ್ಟುಕೊಡದ ಎಂಡೆವರ್ ಕೂಡ ಇದೆ. 1986ರಲ್ಲಿ ಚಾಲೆಂಜರ್ ಬಾಹ್ಯಾಕಾಶ ನೌಕೆ ನಾಶವಾದ ಮೇಲೆ ಅದರ ಜಾಗಕ್ಕೆ ಕಟ್ಟಿದ ನೌಕೆಗೆ ಶಾಲಾ ಮಕ್ಕಳ ಸ್ಪರ್ಧೆ ನಡೆಸಿ ಹೆಸರು ಆರಿಸಿದರು. ಹೆಸರು ಬಂದದ್ದು ಕ್ಯಾಪ್ಟನ್ ಜೇಮ್ಸ್ ಕುಕ್ 1768ರಲ್ಲಿ ಹೊರಟ ಬ್ರಿಟಿಷ್ ಹಡಗಿನಿಂದ. ಶುಕ್ರ ಗ್ರಹ ಸೂರ್ಯನ ಮುಂದೆ ಹಾದು ಹೋಗುವುದನ್ನು ತಾಹಿತಿಯಲ್ಲಿ ನಿಂತು ನೋಡಲು ಹೋದ ಹಡಗು ಅದು, ವಾಪಸ್ ಬಂದದ್ದು 1771ರಲ್ಲಿ. ಹಡಗಿನ ಹೆಸರಿನ ಜೊತೆ ಅದರ ಕಾಗುಣಿತವೂ ಬಂತು. ನೌಕೆ 1992ರಿಂದ 2011ರವರೆಗೆ 25 ಸಲ ಹಾರಿತು. ನಡುವೆ 2007ರಲ್ಲಿ ಉಡಾವಣೆಯ ಜಾಗದಲ್ಲಿ ಅದಕ್ಕೆ ಶುಭ ಕೋರಿ ಕಟ್ಟಿದ ದೊಡ್ಡ ಬ್ಯಾನರಿನಲ್ಲಿ ‘ಯು’ ಬಿಟ್ಟೇ ಬಿಟ್ಟಿದ್ದರು. ಸ್ವಂತ ನೌಕೆಯ ಹೆಸರಿನಲ್ಲೇ ನಾಸಾದವರು ಎಡವಿದರು ಅಂದ ಮೇಲೆ ನೀವು ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ.

ಉಚ್ಚಾರಣೆ ‘ಎಂಡೀವರ್’ ಅಲ್ಲ, ಎಂಡೆವರ್. ನಡುವಿನ ‘ಇ-ಎ’ ಜೋಡಿಯನ್ನು ‘ಹೆಡ್’, ‘ಹೆವಿ’ ಪದಗಳಲ್ಲಿ ಹೇಳುವ ಹಾಗೆ ಹೇಳಿ. ಒತ್ತು ಆ ‘ಡೆ’ ಮೇಲೆ ಬೀಳಬೇಕು.

ಪ್ರಶ್ನೆ: ಬ್ರಿಟನ್ನಿನ ಕಂಪನಿಯೊಂದರ ಕರಾರು ಪತ್ರದಲ್ಲಿ ‘ಬೆಸ್ಟ್ ಎಂಡೆವರ್ಸ್’ ಅಂತಿದೆ. ಬರೀ ಅಲಂಕಾರ ಅಂತ ತೆಗೆದುಕೊಳ್ಳಬಹುದಾ?

ಉತ್ತರ: ಬೇಡ! ಮೇಲೆ ನಾನು ‘ನೋಡೋಣ’ ಅಂದದ್ದು ಪತ್ರದ ಮಾತು. ಇಂಗ್ಲಿಷ್ ಕಾನೂನಿನ ಕರಾರಿನಲ್ಲಿ ‘ಬೆಸ್ಟ್ ಎಂಡೆವರ್ಸ್’ ನಿಜವಾದ ಹೊಣೆ. ಫಲ ಸಿಗಲೇಬೇಕು ಅಂತಲ್ಲ, ಆದರೆ ಫಲ ಸಿಗಲು ಏನೇನು ಮಾಡಬಹುದೋ ಅದನ್ನು ಮಾಡಿರಬೇಕು. ಅದರ ಬದಲು ‘ರೀಸನಬಲ್ ಎಂಡೆವರ್ಸ್’ ಅಂತಿದ್ದರೆ ಹೊರೆ ಕಡಿಮೆ. ಅಮೆರಿಕದ ಕರಾರುಗಳಲ್ಲಿ ಇದೇ ಜಾಗಕ್ಕೆ ‘ಬೆಸ್ಟ್ ಎಫರ್ಟ್ಸ್’ ಬರುತ್ತದೆ. ಸಹಿ ಹಾಕುವ ಮೊದಲು ಒಬ್ಬ ವಕೀಲರಿಗೆ ತೋರಿಸಿ.

ಪದದ ಬೇರು ನೋಡಿದರೆ ಈ ಬಿಗಿ ಹೊಸದೇನಲ್ಲ. ಹಳೆಯ ಫ್ರೆಂಚಿನ ‘ದೆವ್ವಾರ್’, ಅಂದರೆ ಕರ್ತವ್ಯ, ಇದರ ತಾಯಿ. ಅದರ ಹಿಂದೆ ಲ್ಯಾಟಿನ್ನಿನ ‘ಸಾಲ ಇರು’ ಅನ್ನುವ ಕ್ರಿಯಾಪದವಿದೆ. ಸಾಲಕ್ಕೆ ಹೇಳುವ ‘ಡೆಟ್’, ಬಾಕಿಗೆ ಹೇಳುವ ‘ಡ್ಯೂ’, ಕರ್ತವ್ಯಕ್ಕೆ ಹೇಳುವ ‘ಡ್ಯೂಟಿ’ ಎಲ್ಲ ಒಂದೇ ಮನೆಯವು.

ಪ್ರಶ್ನೆ: ಕೆಲಸ ಬಿಡುತ್ತಿರುವ ಸಹೋದ್ಯೋಗಿಯ ಕಾರ್ಡಿನಲ್ಲಿ ‘ಆಲ್ ದ ಬೆಸ್ಟ್ ಫಾರ್ ಯುವರ್ ಫ್ಯೂಚರ್ ಎಂಡೆವರ್ಸ್’ ಬರೆಯಬಹುದಾ?

ಉತ್ತರ: ತಪ್ಪೇನಿಲ್ಲ. ಬಹುವಚನವೂ ಸರಿ, ಮುಂದೆ ಕೈ ಹಾಕುವ ಕೆಲಸಗಳು ಅಂತ ಅರ್ಥ. ಆದರೆ ಕೆಲಸದಿಂದ ತೆಗೆದು ಹಾಕುವ ಪತ್ರದ ಕೊನೆಗೂ ಇದೇ ಸಾಲು ಇರುತ್ತದೆ, ಅಲ್ವಾ? ಅವರ ಜೊತೆ ನಾಲ್ಕು ವರ್ಷ ಒಂದೇ ಮೇಜಿನಲ್ಲಿ ಊಟ ಮಾಡಿದ್ದರೆ ಆ ಊಟದ ಬಗ್ಗೆ ಬರೆಯಿರಿ.